ಜೂನ್ ಒಂದು, ಜನವರಿ ಆರು

ಹೋದ ಗುರುವಾರ ಸಿಂದಗಿಯ ಬಸ್ ನಿಲ್ದಾಣದ ಎದುರಿಗಿರುವ ಝೆರಾಕ್ಸ್ ಅಂಗಡಿಯಲ್ಲಿ ನಿಂತಿದ್ದೆ. ನನ್ನ ಮುಂದಿದ್ದವರ ರೇಷನ್ ಕಾರ್ಡನ್ನು ಅಂಗಡಿಯವನು ಎರಡು ಹಾಳೆಗಳ ನಡುವೆ ಇಟ್ಟು ಲ್ಯಾಮಿನೇಷನ್ ಯಂತ್ರದೊಳಗೆ ಬಿಟ್ಟ. ಬಿಸಿ ಪ್ಲಾಸ್ಟಿಕ್ಕಿನ ವಾಸನೆ ಎದ್ದಿತು. ಸ್ವಲ್ಪ ಸಿಹಿ, ಸ್ವಲ್ಪ ಸುಟ್ಟಂತೆ... ನನ್ನ ಸರದಿ ಬಂದಾಗ ಯಾವ ಕಾಗದ ತೆಗೆಯಬೇಕೆಂಬುದೇ ಮರೆತುಹೋಗಿತ್ತು. ಹಿಂದಿದ್ದವರಿಗೆ ದಾರಿ ಬಿಟ್ಟು ಹೊರಗೆ ಬಂದೆ.

ಇಂಡಿ ಅಕ್ಕಾರ ಕೋಣೆಯಲ್ಲಿ ಸದಾ ಇದೇ ವಾಸನೆ ಇರುತ್ತಿತ್ತು.

ನನಗೆ ಎಣಿಸಿ ಬರೆದಿಡುವ ಅಭ್ಯಾಸವಿದೆ. ದಿನಚರಿಯ ಪ್ರಕಾರ ನಾನು ಅವರನ್ನು ಮುಖತಃ ಕಂಡದ್ದು ಒಟ್ಟು ಒಂಬತ್ತು ಬಾರಿ. ಫೋನಿನಲ್ಲಿ ಮಾತಾಡಿದ್ದು ನೂರಾ ಮೂವತ್ತೇಳು ಬಾರಿ. ಮುಖಕ್ಕಿಂತ ದನಿಯೇ ಹೆಚ್ಚು ನೆನಪಿರುವುದಕ್ಕೆ ಅದೇ ಕಾರಣವಿರಬೇಕು. ಅವರಿಗೆ ಒಳ್ಳೆಯ ಹೆಸರೊಂದಿತ್ತು. ಆದರೆ ನಮ್ಮ ಕಚೇರಿಯಲ್ಲಿ ಯಾರೂ ಅದನ್ನು ಬಳಸದೆ, ಅವರು ಕೆಲಸ ಮಾಡುತ್ತಿದ್ದ ಊರಿನ ಹೆಸರಿನಿಂದಲೇ ಕರೆಯುತ್ತಿದ್ದರು. "ಇಂಡಿ ಏನಂತೈತಿ?" ಎಂದು ಕೇಳಿದರೆ ಅವರು ಏನೆಂದರು ಎಂದೇ ಅರ್ಥ.

ನಾನು ಆಗ ಮುದ್ದೇಬಿಹಾಳದ ಒಂದು ಸಣ್ಣ ಕಚೇರಿಗೆ ಸೇರಿ ವರ್ಷವಾಗಿತ್ತು. ಕಿರಾಣಿ ಅಂಗಡಿಯ ಮೇಲಿನ ಎರಡು ಕೋಣೆ, ನಾವು ನಾಲ್ಕು ಜನ. ಶಾಲೆಗಳಿಗೆ, ಸಂಘ ಸಂಸ್ಥೆಗಳಿಗೆ ಆನ್‌ಲೈನ್ ಅರ್ಜಿಗಳನ್ನು ಮಾಡಿಕೊಡುತ್ತಿದ್ದೆವು. ಅರ್ಜಿಯ ಪುಟದೊಳಗೆ ಕೂತು ಕೆಲಸ ಮಾಡುವ ಜಾವಾಸ್ಕ್ರಿಪ್ಟ್ ಬರೆಯುವುದು ನನ್ನ ಪಾಲಿಗೆ ಬಂದಿತ್ತು. ಹೆಸರು ಖಾಲಿ ಬಿಟ್ಟರೆ ಎಚ್ಚರಿಸುವುದು, ತಾಲ್ಲೂಕು ಆರಿಸಿದರೆ ಅದರ ಹಳ್ಳಿಗಳನ್ನು ತೋರಿಸುವುದು, ಹುಟ್ಟಿದ ತಾರೀಖಿನಿಂದ ವಯಸ್ಸು ಲೆಕ್ಕ ಹಾಕುವುದು, ಇವೆಲ್ಲ ಆ ಸಾಲುಗಳ ಕೆಲಸ. ಬರೆಯುವುದು ಕಷ್ಟವಲ್ಲ. ಬರೆದದ್ದು ಎಲ್ಲ ಕಂಪ್ಯೂಟರಿನಲ್ಲೂ ಒಂದೇ ರೀತಿ ನಡೆಯುವಂತೆ ಮಾಡುವುದು ಕಷ್ಟ. ಪುಟವನ್ನು ತೆರೆದು ತೋರಿಸುವ ಬ್ರೌಸರ್ ಬೇರೆಯಾದರೆ ಅದೇ ಸಾಲಿಗೆ ಅರ್ಥ ಬೇರೆಯಾಗುತ್ತಿತ್ತು.

"ಬ್ರೌಸರ್ ಅಂದ್ರ ಬೀಗರಿದ್ದಂಗವಾ," ಎನ್ನುತ್ತಿದ್ದರು ಕಚೇರಿ ನಡೆಸುತ್ತಿದ್ದ ನಮ್ಮ ಸರ್. "ಒಬ್ಬರು ಖಾರ ಬೇಕಂತಾರ, ಒಬ್ಬರು ಬ್ಯಾಡಂತಾರ. ನಾವು ಹಾಕೂದು ಒಂದ ಪಂಕ್ತಿ. ಯಾರೂ ಎಲಿ ಬಿಟ್ಟು ಏಳಬಾರದು."

ಹಾಗಾಗಿ ಪ್ರತಿ ಅರ್ಜಿಯನ್ನೂ ನಾಲ್ಕು ಊರಿನಲ್ಲಿ ನಡೆಸಿ ನೋಡುವ ಪದ್ಧತಿಯನ್ನು ಅವರು ಇಟ್ಟಿದ್ದರು. ಮುದ್ದೇಬಿಹಾಳದಲ್ಲಿ ನಾವೇ. ಬಸವನ ಬಾಗೇವಾಡಿ, ಸಿಂದಗಿ, ಇಂಡಿಗಳಲ್ಲಿ ಜನರ ಅರ್ಜಿ ತುಂಬಿಕೊಡುವ ಒಂದೊಂದು ಕೇಂದ್ರ. ಅಲ್ಲಿನ ಕಂಪ್ಯೂಟರಿನ ಮುಂದೆ ಕೂರುವವರು ಪುಟ ತೆರೆದು, ಒತ್ತಿ, ತುಂಬಿ, ನಡೆದದ್ದು ನಡೆಯದ್ದು ಹೇಳಬೇಕು. ನನ್ನ ಹತ್ತಿರ ಒಂದು ಉದ್ದನೆಯ ವಹಿ ಇತ್ತು. ಎಡಕ್ಕೆ ಅರ್ಜಿಯ ಒಂದೊಂದು ಭಾಗ, ಮೇಲೆ ನಾಲ್ಕು ಊರಿನ ಹೆಸರು, ಕೆಳಗೆ ಮನೆಮನೆಯಾಗಿ ಗೆರೆ. ನಡೆದರೆ ಸರಿ ಗುರುತು, ನಡೆಯದಿದ್ದರೆ ಸೊನ್ನೆ. ಮೊದಲ ಮೂರು ಊರಿನವರದು ಬಹುತೇಕ ಹೊಸ ಬ್ರೌಸರ್. ಸೊನ್ನೆ ಬೀಳುತ್ತಿದ್ದುದು ಇಂಡಿಯ ಮನೆಯಲ್ಲಿ.

ಅಲ್ಲಿನ ಕಂಪ್ಯೂಟರ್ ಹಳೆಯದು, ಬ್ರೌಸರ್ ಅದಕ್ಕಿಂತ ಹಳೆಯದು. ಬೆರಳಚ್ಚು ತೆಗೆದುಕೊಳ್ಳುವ ಯಂತ್ರ ಆ ಬ್ರೌಸರಿನೊಂದಿಗೆ ಮಾತ್ರ ಹೊಂದಿಕೊಳ್ಳುತ್ತಿದ್ದುದರಿಂದ ಅದನ್ನು ಬದಲಿಸುವಂತಿರಲಿಲ್ಲ. ಒಮ್ಮೆ ನಾನು ಬಾಣದ ಗುರುತಿನ ಹೊಸ ಬರವಣಿಗೆಯನ್ನು ಒಂದೇ ಒಂದು ಕಡೆ ಬಳಸಿದ್ದೆ. ಮೂರು ಊರಿನಲ್ಲಿ ಸರಾಗ. ಇಂಡಿಯ ಬ್ರೌಸರಿಗೆ ಆ ಗುರುತು ಗೊತ್ತಿಲ್ಲ. ಗೊತ್ತಿಲ್ಲದ್ದು ಒಂದು ಕಂಡರೆ ಅದು ಉಳಿದ ಸಾಲುಗಳನ್ನೂ ಓದುವುದನ್ನು ಬಿಟ್ಟುಬಿಡುತ್ತಿತ್ತು. ಆಗ ಇಂಡಿಯ ಕೇಂದ್ರದಿಂದ ಅಕ್ಕಾರು ಮಾಡಿದ ಫೋನು ದಿನಚರಿಯಲ್ಲಿದೆ.

"ತಂಗಿ, ಒತ್ತಿದ್ರ ಒತ್ತಿಸ್ಕೊಳ್ತೈತಿ. ಮುಂದ ಏನೂ ಇಲ್ಲ. ಸಿಟ್ಟಿಗೆದ್ದ ಸೊಸಿ ಕುಂತಂಗ ಕುಂತೈತಿ ನೋಡು."

ಅವರಿಗೆ ಜಾವಾಸ್ಕ್ರಿಪ್ಟ್ ಗೊತ್ತಿರಲಿಲ್ಲ. ಆದರೆ ಅವರಷ್ಟು ಚೆನ್ನಾಗಿ ದೋಷವನ್ನು ಹೇಳುವವರನ್ನು ನಾನು ಇವತ್ತಿನವರೆಗೂ ಕಂಡಿಲ್ಲ. ಬೇರೆ ಊರಿನವರು "ನಡೀವಲ್ದು" ಎಂದು ಫೋನಿಡುತ್ತಿದ್ದರು. ಇವರು ಮೊದಲು ಏನು ಒತ್ತಿದೆ, ಆಮೇಲೆ ಏನು ಬಂತು, ಎಷ್ಟು ಹೊತ್ತಿಗೆ ಬಂತು, ಎಲ್ಲವನ್ನೂ ಒಂದರ ಹಿಂದೊಂದು ಹೇಳುವರು. ಹಳ್ಳಿಗಳ ಪಟ್ಟಿ ಅದಲು ಬದಲಾದ ದಿನ, "ಇಂಡಿ ಅಂತ ಒತ್ತಿದ್ರ ಸಿಂದಗಿ ಹಳ್ಳಿ ತೋರಸ್ತೈತಿ. ನಮ್ಮ ಹಳ್ಳಿ ಯಾರಿಗೆ ಬರದ ಕೊಟ್ಟಿ?" ಎಂದಿದ್ದರು. ನಕ್ಕಿದ್ದೆ. ಅವರೂ ನಕ್ಕಿದ್ದರು. ಹಿಂದೆ ಲ್ಯಾಮಿನೇಷನ್ ಯಂತ್ರದ ಗರಗರ ಕೇಳುತ್ತಿತ್ತು.

ಮೂರನೇ ಸಲ ಇಂಡಿಗೆ ಹೋದಾಗ ಅವರ ಮನೆಯಲ್ಲಿ ಊಟ ಮಾಡಿದೆ. ಕೇಂದ್ರದ ಹಿಂದಿನ ಓಣಿಯಲ್ಲೇ ಮನೆ. ಅಣ್ಣನ ಮನೆ ಅದು. ಮದುವೆಯಾಗಿ ನಾಲ್ಕು ವರ್ಷಕ್ಕೆ ಗಂಡನ ಮನೆ ಬಿಟ್ಟು ಬಂದವರು ಅಲ್ಲೇ ಇದ್ದರು. ಅವರಿಗೂ ಅವರ ತಾಯಿಗೂ ನಡುಮನೆಯ ಒಂದು ಮೂಲೆ, ಒಂದು ಟ್ರಂಕು. ಅತ್ತಿಗೆ ಕೆಟ್ಟವರೇನಲ್ಲ. ಆದರೆ ನಮ್ಮೆದುರು ರೊಟ್ಟಿ ತಂದಿಟ್ಟು, "ಮನಿಗೆ ಎಷ್ಟು ಮಂದಿ ಆದ್ರೂ ಒಂದ ಹಂಚು ನೋಡ್ರಿ," ಎಂದರು. ಅಕ್ಕಾರು ತಟ್ಟೆಯಿಂದ ಮುಖ ಎತ್ತಲಿಲ್ಲ. ರೊಟ್ಟಿಗೆ ನೆಂಚಿಕೊಳ್ಳುವ ಅಗಸಿ ಹಿಂಡಿಯ ಬಟ್ಟಲನ್ನು ನನ್ನ ಕಡೆ ಸರಿಸಿದರು.

ಹೊರಗೆ ಬಂದ ಮೇಲೆ ಅವರು ಹೇಳಿದ ಮಾತಿನಿಂದಲೇ ಇದೆಲ್ಲ ಶುರು. ನಾಲ್ಕೂ ತಾಲ್ಲೂಕಿನಲ್ಲಿ ಹೆಣ್ಣುಮಕ್ಕಳ ಹಾಸ್ಟೆಲ್ ನಡೆಸುವ ಒಂದು ಸಂಸ್ಥೆಯವರು ಮೇಲ್ವಿಚಾರಕಿಯರನ್ನು ತೆಗೆದುಕೊಳ್ಳುವವರಿದ್ದರು. ಕಾಯಂ ಕೆಲಸ, ಜೊತೆಗೆ ಹಾಸ್ಟೆಲಿನೊಳಗೇ ಒಂದು ಕೋಣೆ. ತಾಯಿಯನ್ನು ಜೊತೆಗೆ ಇಟ್ಟುಕೊಳ್ಳಬಹುದು ಎಂದು ವಿಚಾರಿಸಿಕೊಂಡು ಬಂದಿದ್ದರು.

"ಬಾಗೇವಾಡಿ ಹಾಸ್ಟೆಲ್ ನೋಡ್ಕೊಂಡು ಬಂದೇನಿ. ಕ್ವಾಣ್ಯಾಗ ಕಿಟಕಿ ಐತಿ. ನಮ್ಮವ್ವಗ ಕಿವಿ ಕೇಳಂಗಿಲ್ಲ. ಕಿಟಕಿ ಇದ್ರ ಹೊರಗ ನೋಡಕೋತ ಕುಂದರ್ತಾಳ."

ವಯೋಮಿತಿ ಮೂವತ್ತೈದು. ಮಾರ್ಚ್ ಮೂವತ್ತೊಂದಕ್ಕೆ ಮೂವತ್ತೈದು ತುಂಬಿರಬಾರದು. ಅಕ್ಕಾರಿಗೆ ಆ ಜೂನ್ ಒಂದಕ್ಕೆ ತುಂಬುವುದಿತ್ತು. ಎರಡು ತಿಂಗಳು ಉಳಿದಿತ್ತು ಎಂದೇ ಲೆಕ್ಕ. ಸಂಸ್ಥೆಯವರು ನಾಲ್ಕೈದು ವರ್ಷಕ್ಕೊಮ್ಮೆ ಜನರನ್ನು ತೆಗೆದುಕೊಳ್ಳುವವರು. ಇದೇ ಮೊದಲ ಅವಕಾಶ, ಇದೇ ಕೊನೆಯದು.

ಆ ಅರ್ಜಿಯ ನಮೂನೆ ಮಾಡುವ ಕೆಲಸ ನಮ್ಮ ಕಚೇರಿಗೇ ಬಂತು. ವಯಸ್ಸಿನ ಲೆಕ್ಕದ ಸಾಲು ನಾನೇ ಬರೆದೆ.

ಜೂನ್ ಒಂದರ ಬಗ್ಗೆ ನಮ್ಮ ಕಡೆಯವರಿಗೆ ಹೇಳಬೇಕಾಗಿಲ್ಲ. ಮಗುವನ್ನು ಶಾಲೆಗೆ ಸೇರಿಸಲು ಕರೆದೊಯ್ದಾಗ ಮೇಷ್ಟ್ರು ತಾರೀಖು ಕೇಳುತ್ತಿದ್ದರು. "ಜ್ವಾಳ ಕೊಯ್ಯಾಕ ಬಂದಾಗ ಹುಟ್ಯಾನ್ರಿ" ಎಂಬ ಉತ್ತರ ಬರುತ್ತಿತ್ತು. ಮೇಷ್ಟ್ರು ಜೂನ್ ಒಂದು ಎಂದು ಬರೆದು ಮುಂದಿನವರನ್ನು ಕರೆಯುತ್ತಿದ್ದರು. ನಮ್ಮ ಅಪ್ಪನದು ಜೂನ್ ಒಂದು. ದೊಡ್ಡಪ್ಪನದೂ ಜೂನ್ ಒಂದು, ಅದೂ ಅದೇ ವರ್ಷದ್ದು. ಅಕ್ಕಾರ ಕೇಂದ್ರಕ್ಕೆ ಬರುವ ಹತ್ತು ಜನರಲ್ಲಿ ನಾಲ್ವರದು ಅದೇ ಇರುತ್ತದೆ ಎಂದು ಅವರೇ ಹೇಳಿದ್ದರು. "ಜೂನ್ ಒಂದಕ್ಕ ಇಡೀ ಇಂಡಿಗೆ ಕೇಕ್ ಕೊಯ್ಯಬೇಕಾಗ್ತೈತಿ ತಂಗಿ."

ನಾನು ಪರೀಕ್ಷೆಗೆ ಯಾವಾಗಲೂ ಒಂದೇ ತಾರೀಖು ಬಳಸುತ್ತಿದ್ದೆ. ಹತ್ತನೇ ತಿಂಗಳಿನ ಹತ್ತು. ಬೇಗ ಒತ್ತಬಹುದು, ತಪ್ಪುವುದಿಲ್ಲ, ಎಲ್ಲ ಊರಿನಲ್ಲೂ ಒಂದೇ ತಾರೀಖು ಇದ್ದರೆ ಹೋಲಿಸಲು ಸುಲಭ. ಅಚ್ಚುಕಟ್ಟು ಎಂದುಕೊಂಡಿದ್ದೆ.

ಬುಧವಾರ ಮಧ್ಯಾಹ್ನ ಇಂಡಿಗೆ ಫೋನು ಮಾಡಿದೆ. ಅಕ್ಕಾರು ಪುಟ ತೆರೆದರು.

"ತಾರೀಖಿಗೆ ಕ್ಯಾಲೆಂಡರ್ ಬರಬೇಕಂದಿದ್ದಿ. ಇಲ್ಲಿ ಬರವಲ್ದು. ಖಾಲಿ ಡಬ್ಬಿ ಐತಿ."

ಆ ಬ್ರೌಸರಿಗೆ ಕ್ಯಾಲೆಂಡರ್ ತೋರಿಸಲು ಬರುವುದಿಲ್ಲ, ಅದು ಖಾಲಿ ಡಬ್ಬಿಯನ್ನಷ್ಟೇ ಕೊಡುತ್ತದೆ ಎಂಬುದು ನನಗೆ ಗೊತ್ತಿತ್ತು. ಕೈಯಿಂದ ಬರೆಯಿರಿ, ಹತ್ತು ಹತ್ತು ಹಾಕಿ ಎಂದೆ. ಹಾಕಿದರು. ಪರೀಕ್ಷೆಗಷ್ಟೇ ತೋರಿಸುತ್ತಿದ್ದ ವಯಸ್ಸು ಸರಿಯಾಗಿ ಬಂತು; ಅರ್ಜಿ ತುಂಬುವವರಿಗೆ ಅದು ಕಾಣುವಂತಿರಲಿಲ್ಲ.

"ಬ್ಯಾರೆ ತಾರೀಖು ಒಂದು ಹಾಕಿ ನೋಡ್ಲೇನು?"

"ಬ್ಯಾಡ್ರಿ ಅಕ್ಕಾರ, ಸಾಕು."

ವಹಿಯಲ್ಲಿ ಇಂಡಿಯ ಮನೆಗೆ ಸರಿ ಗುರುತು ಹಾಕಿದೆ. ಆ ಹಾಳೆ ಇನ್ನೂ ನನ್ನ ಹತ್ತಿರವಿದೆ. ನಾಲ್ಕು ಊರು, ಹದಿನಾರು ಸಾಲು, ಅರವತ್ತನಾಲ್ಕು ಸರಿ ಗುರುತು. ಒಂದೂ ಸೊನ್ನೆಯಿಲ್ಲದ ಮೊದಲ ಹಾಳೆ ಅದು. ನಮ್ಮ ಸರ್ ಅದನ್ನು ಗೋಡೆಗೆ ಅಂಟಿಸಿದ್ದರು.

ಅರ್ಜಿ ಹಾಕಲು ಇಪ್ಪತ್ತು ದಿನ ಇತ್ತು. ಇಂಡಿಯ ಕೇಂದ್ರದಿಂದ ಮೂವತ್ತೆಂಟು ಅರ್ಜಿ ಹೋದವು. ಅಕ್ಕಾರು ಮೂವತ್ತೇಳು ಜನರದನ್ನು ತುಂಬಿ ಕಡೆಗೆ ತಮ್ಮದನ್ನು ತುಂಬಿದರು. ಸ್ವೀಕೃತಿ ಚೀಟಿಯನ್ನು ಲ್ಯಾಮಿನೇಟ್ ಮಾಡಿಟ್ಟಿದ್ದೇನೆ ಎಂದು ಫೋನಿನಲ್ಲಿ ಹೇಳಿದರು. ಅದರಲ್ಲಿ ಅವರು ಬರೆದ ತಾರೀಖೇ ಅಚ್ಚಾಗಿತ್ತು, ಒಂದು, ಆರು. ಒಳಗೆ ಹೋದದ್ದು ಬೇರೆ.

ಆಮೇಲೆ ತಿಂಗಳು ಕಳೆದು ಸಂಸ್ಥೆಯವರು ಅರ್ಹರ, ಅನರ್ಹರ ಪಟ್ಟಿ ಹಾಕಿದರು. ತಕರಾರು ಇದ್ದವರು ಏಳು ದಿನದೊಳಗೆ ಕೊಡಬೇಕು. ಆ ಏಳು ದಿನವೂ ಇಂಡಿಯಿಂದ ಫೋನು ಬರಲಿಲ್ಲ. ದಿನಚರಿಯಲ್ಲಿ ನಾನು ಏಳು ದಿನವೂ ಒಂದೇ ಮಾತು ಬರೆದಿದ್ದೇನೆ. "ದೂರು ಇಲ್ಲ." ಈಗ ಆ ಪುಟವನ್ನು ತೆಗೆದರೆ...

ಎಂಟನೇ ದಿನ ಸಂಸ್ಥೆಯಿಂದ ನಮ್ಮ ಸರ್‌ಗೆ ಫೋನು ಬಂತು. ಆಲಮೇಲದ ಕಡೆಯ ಒಬ್ಬ ನಿವೃತ್ತ ಹೆಡ್ ಮಾಸ್ತರರು ಹಿಂದಿನ ದಿನ ಸಂಜೆ ಐದಕ್ಕೆ, ಬಾಗಿಲು ಹಾಕುವ ಹೊತ್ತಿಗೆ ಬಂದು ತಕರಾರು ಕೊಟ್ಟಿದ್ದರು. ಇಂಡಿಗೆ ಮದುವೆ ಮಾಡಿಕೊಟ್ಟ ಮಗಳ ಹೆಸರಿನ ಮುಂದೆ ಜನವರಿ ಆರು ಎಂದು ಅಚ್ಚಾಗಿ, ವಯೋಮಿತಿ ಮೀರಿದೆ ಎಂದಿತ್ತಂತೆ. ಅವರು ಮೇಜಿನ ಮೇಲೆ ಕೈಯಿಟ್ಟು, "ನನ್ನ ಮಗಳ ತಾರೀಖು ನನ್ನ ಕೈಯ್ಯಾರೆ ಬರದೇನಿ. ಆಕಿದಷ್ಟ ಅಲ್ಲ, ಊರ ಮಂದಿ ಮಕ್ಕಳದೆಲ್ಲಾ ಬರದೇನಿ. ಜೂನ್ ಒಂದು. ಈ ಜನವರಿ ಎಲ್ಲಿಂದ ತಂದ್ರಿ?" ಎಂದು ಕೇಳಿದ್ದರಂತೆ. ಸಂಸ್ಥೆಯವರು ಶಾಲೆಯ ದಾಖಲೆ ನೋಡಿ ಅಲ್ಲೇ ತಿದ್ದಿಕೊಟ್ಟಿದ್ದರು.

ಸರ್ ಫೋನಿಟ್ಟು ನನ್ನ ಕಡೆ ನೋಡಿದರು. ಒಂದು, ಆರು. ಆರು, ಒಂದು. ನನಗೆ ಬೇರೆ ವಿವರಣೆ ಬೇಕಾಗಲಿಲ್ಲ.

ಮೂರು ಊರಿನಲ್ಲಿ ಕ್ಯಾಲೆಂಡರಿನಿಂದ ಆರಿಸಿದ ತಾರೀಖು ವರ್ಷ, ತಿಂಗಳು, ದಿನ ಎಂಬ ಕ್ರಮದಲ್ಲಿ ಬರುತ್ತಿತ್ತು. ಅದನ್ನು ಎಲ್ಲ ಬ್ರೌಸರೂ ಒಂದೇ ರೀತಿ ಓದುತ್ತವೆ. ಇಂಡಿಯ ಖಾಲಿ ಡಬ್ಬಿಯಲ್ಲಿ ನಮ್ಮವರು ನಮ್ಮ ರೂಢಿಯಂತೆ ದಿನ ಮೊದಲು, ತಿಂಗಳು ಆಮೇಲೆ ಬರೆದರು. ಅದನ್ನು ಬಿಡಿಸಿ ಕೊಡಬೇಕಾದದ್ದು ನನ್ನ ಸಾಲಿನ ಕೆಲಸ. ನಾನು ಬಿಡಿಸದೆ ಹಾಗೆಯೇ ಬ್ರೌಸರಿಗೆ ಒಪ್ಪಿಸಿದ್ದೆ. ಅದು ಅಮೆರಿಕದ ರೂಢಿಯಂತೆ ತಿಂಗಳು ಮೊದಲು ಎಂದುಕೊಂಡಿತು. ತಕರಾರು ಮಾಡಲಿಲ್ಲ, ನಿಲ್ಲಲಿಲ್ಲ, ಸುಮ್ಮನೆ ತಪ್ಪು ತಾರೀಖನ್ನು ಮುಂದಕ್ಕೆ ಕಳಿಸಿತು. ಹತ್ತು ಹತ್ತನ್ನು ಮಾತ್ರ ಹೇಗೆ ತಿರುಗಿಸಿ ಓದಿದರೂ ಹತ್ತು ಹತ್ತೇ.

ಇಂಡಿಯಿಂದ ಹೋದ ಅರ್ಜಿಗಳಲ್ಲಿ ತಾರೀಖು ಕೆಟ್ಟದ್ದು ಬಹಳ. ಹೆಚ್ಚಿನವರಿಗೆ ಅದರಿಂದ ತೊಂದರೆಯಾಗಲಿಲ್ಲ, ವಯಸ್ಸಿನ ಗೆರೆ ದೂರವಿತ್ತು. ಗೆರೆಯ ಹತ್ತಿರವಿದ್ದ ನಾಲ್ವರು ಹೊರಬಿದ್ದಿದ್ದರು. ನಾಲ್ವರದೂ ಜೂನ್ ಒಂದು. ಹೆಡ್ ಮಾಸ್ತರರ ಮಗಳದು ಸರಿಯಾಯಿತು. ಮೂವರು ಉಳಿದರು. ಅದರಲ್ಲಿ ಒಬ್ಬರು ಅಕ್ಕಾರು.

ಸರ್ ಅದೇ ದಿನ ಸಂಸ್ಥೆಗೆ ಪತ್ರ ಬರೆದು ತಪ್ಪು ನಮ್ಮದೆಂದು ಒಪ್ಪಿಕೊಂಡರು. ನಾಲ್ಕು ದಿನಕ್ಕೆ ಉತ್ತರ ಬಂತು. ಅವಧಿ ಮುಗಿದಿದೆ, ತಕರಾರು ಕೊಟ್ಟವರದನ್ನು ಸರಿಪಡಿಸಲಾಗಿದೆ, ಆಯ್ಕೆಯಾದವರಿಗೆ ಆದೇಶ ಹೋಗಿದೆ. ಸರ್ ಮತ್ತೊಮ್ಮೆ ತಾವೇ ಹೋಗಿ ಬಂದರು. ಬಂದವರು ಗೋಡೆಯ ಮೇಲಿದ್ದ ಹಾಳೆಯನ್ನು ಕಿತ್ತು ನನ್ನ ಮೇಜಿನ ಮೇಲಿಟ್ಟರು. ಬೈಯಲಿಲ್ಲ.

ನನಗೆ ಅರ್ಥವಾಗದೆ ಉಳಿದದ್ದು ಒಂದೇ. ಡಬ್ಬಿಯ ಗೆರೆ ಒಂದು ಕೂದಲು ಸರಿದರೂ ಫೋನು ಮಾಡುವ ಅಕ್ಕಾರು, ತಮ್ಮದೇ ತಾರೀಖು ತಪ್ಪಾದಾಗ ಏಳು ದಿನ ಯಾಕೆ ಸುಮ್ಮನಿದ್ದರು? ನಾನು ಮಾಡಿದ ಫೋನನ್ನೂ ಎತ್ತುತ್ತಿರಲಿಲ್ಲ. ಹಳೆಯ ಪುಟವನ್ನು ಪೆನ್ ಡ್ರೈವಿನಲ್ಲಿ ಹಾಕಿಕೊಂಡು ಶನಿವಾರ ಬೆಳಗಿನ ಬಸ್ಸಿಗೆ ಹೊರಟೆ. ಇಂಡಿ ಮುಟ್ಟಿದಾಗ ಹನ್ನೊಂದೂವರೆ.

ಅವರು ನನ್ನನ್ನು ಕಂಡು ಎದ್ದು ನಿಂತರು. ಹಿಂದೆಂದೂ ಹಾಗೆ ಎದ್ದವರಲ್ಲ. ಯಾರೋ ವಿಚಾರಣೆಗೆ ಬಂದಾಗ ನಿಲ್ಲುವಂತೆ ನಿಂತಿದ್ದರು. ತಮ್ಮ ಕುರ್ಚಿ ನನಗೆ ಕೊಟ್ಟು ಸ್ಟೂಲಿನ ಮೇಲೆ ಕೂತರು.

"ಅಕ್ಕಾರ, ತಕರಾರು ಯಾಕ ಕೊಡಲಿಲ್ರಿ?"

ಬಾಗಿಲ ಕಡೆ ನೋಡಿ ದನಿ ತಗ್ಗಿಸಿದರು. "ಏನಂತ ಕೊಡ್ಲಿ? ಖರೇನ ಅದ ಐತಲ್ಲ."

"ಯಾವುದು ಖರೇ?"

"ಜೂನ್ ಒಂದು ಸಾಲ್ಯಾಗ ಬರದದ್ದು. ನಮ್ಮವ್ವ ಹೇಳ್ತಾಳ, ಎಳ್ಳಮಾಸಿಗೆ ಹೊಲಕ್ಕ ಹೋಗಿ ಭೂಮಿಪೂಜಿ ಮಾಡಿ ಚರಗ ಚೆಲ್ಲಿ ಮನಿಗೆ ಬಂದ ಮ್ಯಾಲ ಬ್ಯಾನಿ ಸುರುವಾದ್ವು ಅಂತ. ಆಮ್ಯಾಲ ದವಾಖಾನಿಗೆ ಒಯ್ದಾರ. ಎಳ್ಳಮಾಸಿ ಅಂದ್ರ ಜನವರಿ ಆಜೂಬಾಜೂನ ಆತಲ್ಲ. ದವಾಖಾನಿ ಪುಸ್ತಕದಾಗ ಬರದಿರ್ತಾರ. ಈಗ ಎಲ್ಲಾ ಕಂಪ್ಯೂಟರಿಗೆ ಹಾಕ್ಯಾರ, ಒಂದಕ್ಕೊಂದು ಕೂಡಸ್ಯಾರ. ಹಿಡದ್ರು ತಂಗಿ. ಮೂವತ್ತು ವರ್ಷದ ಮ್ಯಾಲ ಹಿಡದ್ರು."

ಪಟ್ಟಿಯಲ್ಲಿ ತಿಂಗಳ ಹೆಸರು ಅಕ್ಷರದಲ್ಲಿತ್ತು. ಅಂಕಿ ಇದ್ದಿದ್ದರೆ ಅದಲು ಬದಲಾದದ್ದು ಅವರ ಕಣ್ಣಿಗೆ ಬೀಳದೆ ಇರುತ್ತಿರಲಿಲ್ಲ. ಅವರು ಓದಿದ್ದು ಜನವರಿ ಎಂದು. ತಾಯಿಯ ಬಾಯಿಂದ ಚಿಕ್ಕಂದಿನಿಂದ ಕೇಳಿದ ಜನವರಿ.

ನಾನು ಪೆನ್ ಡ್ರೈವ್ ಹಾಕಿ ಹಳೆಯ ಪುಟ ತೆರೆದೆ. ಒಂದು, ಆರು ಎಂದು ಬರೆದು ಒತ್ತಿದೆ. ಒಳಗೆ ಏನು ಹೋಗುತ್ತದೆ ಎಂಬುದನ್ನು ಪರದೆಯ ಕೆಳಗೆ ತೋರಿಸುವಂತೆ ಮಾಡಿಕೊಂಡು ಬಂದಿದ್ದೆ. ಜನವರಿ ಆರು ಎಂದು ಬಂತು. ಯಾರೂ ಯಾವ ಪುಸ್ತಕವನ್ನೂ ನೋಡಿಲ್ಲ, ಇದು ನಾನು ಬರೆದ ಸಾಲಿನ ತಪ್ಪು ಎಂದು ಹೇಳಿದೆ. ಹೇಗೆ ಹೇಳಿದೆನೋ ನೆನಪಿಲ್ಲ. ಆ ಮಾತುಗಳನ್ನು ದಿನಚರಿಯಲ್ಲಿ ಬರೆದಿಲ್ಲ.

"ಸರಿ ಸ್ವಲ್ಪ," ಎಂದರು. ಎದ್ದು ಜಾಗ ಕೊಟ್ಟೆ. ಕೀಬೋರ್ಡನ್ನು ತಮ್ಮ ಕಡೆ ಎಳೆದುಕೊಂಡು ಎರಡು, ಆರು ಎಂದು ಬರೆದರು. ಫೆಬ್ರುವರಿ ಆರು. ಮೂರು, ಆರು. ಮಾರ್ಚ್ ಆರು. ಐದು, ನಾಲ್ಕು. ಮೇ ನಾಲ್ಕು. ಯಾವಾಗಲೂ ಮಾಡುವಂತೆಯೇ, ಒಂದೊಂದಾಗಿ, ಪ್ರತಿ ಸಲ ಪರದೆ ಓದಿ. ಹನ್ನೊಂದು ತಾರೀಖು ಹಾಕಿದರು. ನಾನು ಎಣಿಸಿದೆ.

"ಅವತ್ತು ಯಾವುದು ಹಾಕಂದಿದ್ದಿ? ಹತ್ತು ಹತ್ತು?"

"ಹೌದ್ರಿ."

ಹಾಕಿದರು. "ಹಾಂ. ಇದು ಸರಿ ಬರ್ತೈತಿ."

ಹೊರಗೆ ಒಬ್ಬ ಮುದುಕ ಪಿಂಚಣಿ ಕಾಗದ ಹಿಡಿದು ಬಂದ. ಸ್ವಲ್ಪ ತಡಿಯಪ್ಪಾ ಎಂದು ಅವನನ್ನು ಕೂರಿಸಿದರು. ಆಮೇಲೆ ಪರದೆಯನ್ನೇ ನೋಡುತ್ತ, "ಆ ಇಬ್ಬರಿಗೆ ನಾನ ಬ್ಯಾಡಂದೆ," ಎಂದರು.

ಉಳಿದ ಇಬ್ಬರು ಹೆಂಗಸರು ಪಟ್ಟಿ ಹಿಡಿದು ಇವರ ಹತ್ತಿರವೇ ಓಡಿ ಬಂದಿದ್ದರಂತೆ. ತಕರಾರು ತುಂಬಿಕೊಡಿ ಎಂದು ಕೇಳಿದ್ದರಂತೆ. ಒಬ್ಬಳಂತೂ ಎರಡು ಸಲ ಬಂದಿದ್ದಳು. "ಸುಮ್ನಿರ್ರಿ, ಖರೇ ತಾರೀಖು ಹಿಡದಾರ, ಕೆದಕಿದ್ರ ಸುಳ್ಳು ಬರಸಿದ್ದಕ್ಕ ಕೇಸ್ ಆದೀತು ಅಂತ ಹೇಳಿ ಕಳಸೇನಿ. ಮೂವರದೂ ಜನವರಿ ಆರು ಇತ್ತು, ದವಾಖಾನ್ಯಾಗೂ ಸಾಲ್ಯಾಗಿನಂಗ ಎಲ್ಲಾರಿಗೂ ಒಂದ ತಾರೀಖು ಬರದಾರ ಅಂದ್ಕೊಂಡೆ. ನನ್ನ ಮಾತು ಕೇಳ್ಯಾರ. ನನಗ ಕಂಪ್ಯೂಟರ್ ಗೊತ್ತೈತಿ ಅಂತ."

ನಾನು ಏನೋ ಹೇಳಲು ಹೋದೆ. ಕೈ ಅಡ್ಡ ಹಿಡಿದರು.

"ಇದನ್ನ ಯಾರಿಗೂ ಹೇಳಬ್ಯಾಡ."

ಆಯಿತೆಂದೆ. ಅವರು ಮುದುಕನ ಕಾಗದ ತೆಗೆದುಕೊಂಡರು. ನಾನು ಪೆನ್ ಡ್ರೈವ್ ಅಲ್ಲೇ ಮರೆತು ಬಂದಿದ್ದೆ. ಎರಡು ದಿನಕ್ಕೆ ಅದು ಬಸ್ಸಿನ ಕಂಡಕ್ಟರ್ ಕೈಯಲ್ಲಿ, ಕಾಗದದಲ್ಲಿ ಸುತ್ತಿ ಬಂತು. ಒಳಗೆ ಚೀಟಿಯೇನೂ ಇರಲಿಲ್ಲ.

ಆಮೇಲೂ ಫೋನುಗಳು ಇದ್ದವು. ನನ್ನ ಲೆಕ್ಕದಲ್ಲಿ ಮೂವತ್ತೊಂದು. ದೋಷಗಳನ್ನು ಮೊದಲಿನಷ್ಟೇ ನಿಖರವಾಗಿ ಹೇಳುತ್ತಿದ್ದರು. ಸಿಟ್ಟಿಗೆದ್ದ ಸೊಸೆ, ಬರೆದುಕೊಟ್ಟ ಹಳ್ಳಿ, ಅಂಥ ಮಾತು ಮಾತ್ರ ಬರಲಿಲ್ಲ. ತಾರೀಖಿನ ಡಬ್ಬಿ ಬಂದರೆ ಕೇಳದೆಯೇ ಇಪ್ಪತ್ತು ಇಪ್ಪತ್ತೈದು ತಾರೀಖು ಹಾಕಿ ನೋಡಿ, ಎಲ್ಲವನ್ನೂ ಓದಿ ಹೇಳುವರು. ನಾನು ಬರೆದುಕೊಳ್ಳುವೆ. ಸಾಕು ಎನ್ನುವ ಧೈರ್ಯ ನನಗೆ ಇರಲಿಲ್ಲ. ವರ್ಷದ ನಂತರ ಆ ಕೇಂದ್ರಕ್ಕೆ ಹೊಸ ಕಂಪ್ಯೂಟರ್, ಹೊಸ ಬೆರಳಚ್ಚಿನ ಯಂತ್ರ ಬಂದವು. ಹಳೆಯ ಬ್ರೌಸರ್ ಹೋಯಿತು. ವಹಿಯಲ್ಲಿ ಇಂಡಿಯ ಮನೆ ಉಳಿದವರ ಮನೆಯಂತೆಯೇ ಆಯಿತು. ಫೋನು ಮಾಡುವ ಕಾರಣವೂ ಹೋಯಿತು. ಕೆಲಸವಿಲ್ಲದೆ ಮಾಡಬಹುದಿತ್ತು... ಮಾಡಲಿಲ್ಲ.

ಅಕ್ಕಾರಿಗೆ ಕಾಮಾಲೆ ಆಗಿತ್ತಂತೆ. ಹಳ್ಳಿ ಔಷಧಿ ಮಾಡಿ, ಆಮೇಲೆ ದವಾಖಾನೆಗೆ ಒಯ್ದು, ಅಲ್ಲಿಂದ ವಿಜಯಪುರಕ್ಕೆ ಒಯ್ಯುವಷ್ಟರಲ್ಲಿ ತಡವಾಗಿತ್ತಂತೆ. ಅವರು ತೀರಿಕೊಂಡ ಸುದ್ದಿ ನನಗೆ ಮುಟ್ಟಿದ್ದು ಹದಿನೇಳು ದಿನದ ಮೇಲೆ, ಸಿಂದಗಿ ಕೇಂದ್ರದವರ ಬಾಯಿಂದ, ಬೇರೆ ಮಾತಿನ ನಡುವೆ. ಮಣ್ಣಿಗೆ ಹೋಗಲಾಗಲಿಲ್ಲ. ಮುಂದಿನ ಭಾನುವಾರ ಮನೆಗೆ ಹೋದೆ.

ಅಣ್ಣ ಚಾಪೆ ಹಾಸಿ ಕೂರಿಸಿದರು. ತಾಯಿ ಬಾಗಿಲ ಪಕ್ಕದಲ್ಲಿ ಓಣಿಯ ಕಡೆ ಮುಖ ಮಾಡಿ ಕೂತಿದ್ದರು. ನನ್ನ ಗುರುತು ಹತ್ತಿದಂತಿರಲಿಲ್ಲ. ಅತ್ತಿಗೆ ಚಹಾ ತಂದು, ಸೆರಗಿನಿಂದ ಕಣ್ಣೊರೆಸಿಕೊಂಡು ಒಳಗೆ ಹೋದರು. ಅಣ್ಣ ತಂಗಿಯ ಬಗ್ಗೆ ಒಳ್ಳೆಯದನ್ನೇ ಹೇಳುತ್ತಿದ್ದರು. ಕೈ 'ಸುದ್ಧ', ಯಾರ ಕಾಗದವನ್ನೂ ಕೆಡಿಸಿದವಳಲ್ಲ. ಹೇಳುತ್ತ ಹೇಳುತ್ತ ಆ ಮಾತು ಬಂತು.

"ಹಾಸ್ಟೆಲ್ ಕೆಲಸ ಒಂದು ಸಿಗಬೇಕಿತ್ರಿ ಆಕಿಗೆ. ವಯಸ್ಸು ಸುಳ್ಳು ಕೊಟ್ಟು ಸಿಕ್ಕೊಂಡ್ಲು. ತಾನ ಹೇಳ್ತಿದ್ಲು, ಹಿಡದ್ರಣ್ಣಾ ಅಂತ. ಕಡೀತನಕ ಅದ ಮಾತು. ಓಣ್ಯಾಗಿನ ಮಂದಿನೂ ಹಂಗ ಅಂತಿದ್ರು, ಊರ ಮಂದಿಗೆಲ್ಲಾ ಅರ್ಜಿ ತುಂಬಾಕಿ ತನ್ನದ ಸುಳ್ಳ ಬರಕೊಂಡ್ಲು ಅಂತ. ಕೇಳಿ ಕೇಳಿ ನಾನೂ ಒಮ್ಮೊಮ್ಮೆ ಬೈದೇನಿ."

ಅಂದರೆ ನಾನು ಹೋಗಿ ಬಂದ ಮೇಲೂ ಅವರು ಮನೆಯವರಿಗೆ ನಿಜ ಹೇಳಿರಲಿಲ್ಲ. ಸುಳ್ಳುಗಾರ್ತಿ ಎಂಬ ಹೆಸರನ್ನು ಹೊತ್ತುಕೊಂಡೇ ಇದ್ದರು. ನನ್ನನ್ನು ಉಳಿಸಲೆಂದೋ, ಆ ಇಬ್ಬರು ಹೆಂಗಸರಿಗೆ ಮುಖ ತೋರಿಸಲಾಗದೆಂದೋ... ಮೊದಲನೆಯದೇ ಇರಬೇಕೆಂದು ನಾನು ಎಷ್ಟೋ ದಿನ ಅಂದುಕೊಂಡಿದ್ದೆ. ಈಗ ಎರಡನೆಯದು ಎನಿಸುತ್ತದೆ. ಯಾವುದಾದರೂ, ಆ ಕ್ಷಣದಲ್ಲಿ ಅಣ್ಣನ ಎದುರು ನಾನು ಒಂದು ಮಾತು ಹೇಳಿದ್ದರೆ ಮುಗಿಯುತ್ತಿತ್ತು. ಯಾರಿಗೂ ಹೇಳಬೇಡ ಎಂದು ಅವರೇ ಹೇಳಿದ್ದರಲ್ಲ ಎಂದು ನೆಪ ಸಿಕ್ಕಿತು. ಚಹಾ ಕುಡಿದೆ. ಬಸ್ಸಿಗೆ ಹೊತ್ತಾಯಿತೆಂದು ಎದ್ದೆ.

ಅದಾಗಿ ಮೂರು ವರ್ಷ ನಡೆಯುತ್ತಿದೆ. ನಾನು ಈಗಲೂ ಅರ್ಜಿಗಳನ್ನೇ ಮಾಡುತ್ತೇನೆ. ಬ್ರೌಸರುಗಳ ನಡುವಿನ ಜಗಳ ಈಗ ಬಹಳ ಕಡಿಮೆ. ಹೊಸದಾಗಿ ಸೇರಿದವರಿಗೆ ಹಳೆಯ ಕಥೆ ಹೇಳಿದರೆ ನಗುತ್ತಾರೆ. ನಾಲ್ಕು ಊರಿಗೆ ಫೋನು ಮಾಡುವವರು ಯಾರೂ ಇಲ್ಲ. "ಒತ್ತಿದ್ರ ಒತ್ತಿಸ್ಕೊಳ್ತೈತಿ, ಮುಂದ ಏನೂ ಇಲ್ಲ" ಎಂದು ಹೇಳುವವರೂ ಇಲ್ಲ. ಬಾಗೇವಾಡಿಯ ಹಾಸ್ಟೆಲಿನ ಮುಂದೆ ಬಸ್ಸು ಹಾದಾಗ ಆ ಕಿಟಕಿ ಯಾವುದೆಂದು ಹುಡುಕುತ್ತೇನೆ. ಒಂದೇ ಸಾಲಿನಲ್ಲಿ ಆರು ಕಿಟಕಿಗಳಿವೆ. ಅವರು ಯಾವುದನ್ನು ನೋಡಿ ಬಂದಿದ್ದರೋ ಗೊತ್ತಿಲ್ಲ.

ಆ ಇಬ್ಬರು ಹೆಂಗಸರ ವಿಳಾಸ ಹಳೆಯ ಅರ್ಜಿಯಲ್ಲಿ ನೋಡಿ ಬರೆದುಕೊಂಡಿದ್ದೆ. ಅವರ ಮನೆಗೂ ಹೋಗಬೇಕು. ಆದರೆ ಮೊದಲು ಅಣ್ಣನ ಮನೆ. ಈ ಬರಹವನ್ನು ಪತ್ರಿಕೆಗೆ ಕಳಿಸುವ ಮುಂಚೆ ಬರುವ ಭಾನುವಾರ ಇಂಡಿಗೆ ಹೋಗಿ, ಅವರೆದುರು ಕೂತು, ಪೂರ್ತಿ ಓದಿ ಹೇಳುತ್ತೇನೆ. ತಾಯಿ ಇನ್ನೂ ಇದ್ದಾರಂತೆ, ಬಾಗಿಲ ಪಕ್ಕದಲ್ಲೇ ಕೂರುತ್ತಾರಂತೆ. ಅವರಿಗೆ ಕಿವಿ ಕೇಳುವುದಿಲ್ಲ. ಓಣಿಗೆಲ್ಲ ಕೇಳುವಷ್ಟು ಜೋರಾಗಿ ಓದಬೇಕಾಗುತ್ತದೆ.